ಸಾಜೀದನ ಹೆಬ್ಬೆರಳು

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಿಂದ ಗುಡ್ಡದ ಕಡೆಗೆ ಹೋಗುವ ರಸ್ತೆಯಲ್ಲಿ ಸಾಜೀದನ ಮೋಟಾರ್ ವೈಂಡಿಂಗ್ ಅಂಗಡಿ ಇತ್ತು. ಸುಟ್ಟುಹೋದ ಬೋರಿನ ಮೋಟಾರು, ಗಿರಣಿಯ ಮೋಟಾರು, ಮಿಕ್ಸರು, ಫ್ಯಾನು ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಒಳಗಿನ ಹಳೆಯ ತಂತಿಯನ್ನು ಕಿತ್ತು, ಹೊಸ ತಾಮ್ರದ ತಂತಿಯನ್ನು ಸುತ್ತಿ, ಅದನ್ನು ಎಳೆ ಎಳೆಯಾಗಿ ಕಬ್ಬಿಣದ ಸೀಳುಗಳೊಳಗೆ ಕೂರಿಸುವುದು ಅವನ ಕೆಲಸ. ತಂತಿಯ ಮೇಲಿನ ಲೇಪಕ್ಕೆ ಉಗುರು ತಾಗಿದರೂ ಸಾಕು, ಮೋಟಾರು ಮತ್ತೆ ಸುಡುತ್ತದೆ. ಸಾಜೀದ ಕೈಯಿಟ್ಟ ಮೋಟಾರು ಮತ್ತೆ ಸುಟ್ಟು ಬಂದದ್ದು ಅಪರೂಪ. ಕಣ್ಣು ಮುಚ್ಚಿಕೊಂಡು ಬೆರಳಿನಿಂದಲೇ ತಂತಿಯ ದಪ್ಪ ಹೇಳುತ್ತಾನೆ ಎಂದು ಸುತ್ತಲಿನ ರೈತರು ಮಾತಾಡಿಕೊಳ್ಳುತ್ತಿದ್ದರು.

ಐದು ವರ್ಷದ ಹಿಂದೆ, ಏಪ್ರಿಲ್ ತಿಂಗಳಲ್ಲಿ, ಅವನು ಯಾವಗಲ್ಲಿನ ಅರ್ಜುನಪ್ಪ ಎಂಬ ರೈತನ ಬಾವಿಗೆ ಮೋಟಾರು ಇಳಿಸಲು ಹೋಗಿದ್ದ. ಆಗ ಅವನಿಗೆ ಮೂವತ್ತೊಂದು ವರ್ಷ, ಮದುವೆಯಾಗಿ ಎರಡು ವರ್ಷ. ಕೆಲಸ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಗಿ ಮೈ ಉರಿಯುತ್ತಿತ್ತು. ಸಣ್ಣವನಿದ್ದಾಗಿನಿಂದ ಬಾವಿಗೆ ಹಾರಿ ಈಜಿದವನು. ಅಂಗಿ ಕಳಚಿಟ್ಟು ತಲೆ ಕೆಳಗಾಗಿ ಜಿಗಿದ. ಅವನು ಹಾರಿದ ಮೂಲೆಯಲ್ಲಿ ಹಿಂದಿನ ಮಳೆಗಾಲದಲ್ಲಿ ಗೋಡೆ ಕುಸಿದು ಕಲ್ಲು ತುಂಬಿತ್ತು. ಮೇಲಿನಿಂದ ಅದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ನೀರಿನೊಳಗೆ ಅವನ ಕಣ್ಣು ತೆರೆದೇ ಇದ್ದವು. ಕೈ ಬಡಿಯಬೇಕು ಎಂದುಕೊಂಡ. ಕೈ ಬಡಿಯಲಿಲ್ಲ. ಅಷ್ಟರಲ್ಲಿ ಅರ್ಜುನಪ್ಪ ಬಟ್ಟೆಯ ಸಮೇತ ಹಾರಿ ಬಂದು ಅವನ ಮುಖವನ್ನು ನೀರಿನ ಮೇಲೆ ಎತ್ತಿ ಹಿಡಿದ. ಹಗ್ಗದ ಮಂಚವನ್ನು ಕೆಳಗಿಳಿಸಿ ಆರು ಜನ ಸೇರಿ ಮೇಲಕ್ಕೆಳೆದರು.

ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಕತ್ತಿನ ಮೂಳೆ ಮುರಿದು ಅದರೊಳಗಿನ ಬೆನ್ನುಹುರಿ ಜಜ್ಜಿಹೋಗಿದೆ ಎಂದು ಡಾಕ್ಟರು ಹೇಳಿದರು. ಮೂಳೆಗೆ ಪಟ್ಟಿ ಹಾಕಿ ಸ್ಕ್ರೂ ಬಿಗಿದರು. ಹುರಿಗೆ ಏನು ಮಾಡಲೂ ಬರುವುದಿಲ್ಲ ಎಂದರು. ಭುಜ ಎತ್ತುವುದು, ಮೊಳಕೈ ಮಡಚುವುದು, ಮಣಿಕಟ್ಟನ್ನು ಸ್ವಲ್ಪ ಮೇಲೆತ್ತುವುದು ಇಷ್ಟು ಉಳಿಯಿತು. ಬೆರಳು ಹೋದವು. ಎದೆಯ ಕೆಳಗಿನದೆಲ್ಲ ಹೋಯಿತು.

ಮೊದಲ ವರ್ಷವನ್ನು ಹೆಂಡತಿ ನಿಲೋಫರ ಹೇಗೆ ಕಳೆದಳೋ ಅವಳಿಗೇ ನೆನಪಿಲ್ಲ. ಎರಡೆರಡು ತಾಸಿಗೆ ಮಗ್ಗುಲು ಬದಲಿಸುವುದು, ಮೂತ್ರದ ನಳಿಕೆ ಸ್ವಚ್ಛ ಮಾಡುವುದು, ಬೆನ್ನಿನ ಮೇಲೆ ಕೆಂಪಾದ ಜಾಗ ಎಲ್ಲಿದೆ ಎಂದು ದಿನಾಲೂ ಕನ್ನಡಿ ಹಿಡಿದು ನೋಡುವುದು, ಎಲ್ಲವನ್ನೂ ಕಲಿತಳು. ಸಾಜೀದನ ತಾಯಿ ಮೈಮುನಬಿ ಅಡುಗೆ ನೋಡಿಕೊಳ್ಳುತ್ತಾ, ನಮಾಜಿನ ಚಾಪೆಯ ಮೇಲೆ ಕುಳಿತರೆ ಏಳುವುದನ್ನೇ ಮರೆಯುತ್ತಿದ್ದಳು.

ಎರಡನೆಯ ವರ್ಷ ನಿಲೋಫರ ಒಂದು ದಿನ ಅಂಗಡಿಯ ಬೀಗ ತೆಗೆದು, ತಂತಿಯ ಉರುಳೆಗಳನ್ನೂ ಒಂದು ಸುಟ್ಟ ಫ್ಯಾನನ್ನೂ ಮನೆಗೆ ತಂದು ಅವನ ಮಂಚದ ಪಕ್ಕದಲ್ಲಿಟ್ಟಳು.

"ಹೇಳ್ರಿ, ಮೊದಲ ಏನ್ ಬಿಚ್ಚಬೇಕು?"

"ನಿನಗ ಆಗಂಗಿಲ್ಲ ನಿಲೂ."

"ಹಂಗಂತ ಹೇಳಾಕ ಬರ್ತೈತಿ, ಬಿಚ್ಚೂದು ಹ್ಯಾಂಗ ಅಂತ ಹೇಳಾಕ ಬರಂಗಿಲ್ಲೇನು?"

ಮೂರು ಸಲ ಸುಟ್ಟಿತು. ನಾಲ್ಕನೆಯ ಸಲ ಫ್ಯಾನು ತಿರುಗಿತು. ಅಂದಿನಿಂದ ಅವನು ಹೇಳುವುದು, ಅವಳು ಸುತ್ತುವುದು ನಡೆದುಕೊಂಡು ಬಂತು. ಮನೆಯ ಮುಂದಿನ ಕೋಣೆಯೇ ಅಂಗಡಿಯಾಯಿತು. ದೊಡ್ಡ ಮೋಟಾರು ಆಗುತ್ತಿರಲಿಲ್ಲ. ಮಿಕ್ಸರು, ಫ್ಯಾನು, ಕೂಲರು ಬರುತ್ತಿದ್ದವು. ಅವಳು ತಂತಿಯನ್ನು ಸಡಿಲ ಸುತ್ತಿದಾಗ ಅವನ ಭುಜಗಳು ತಾವಾಗಿಯೇ ಮುಂದೆ ಬರುತ್ತಿದ್ದವು. ಮುಷ್ಟಿಯಂತೆ ಮುದುಡಿದ ಕೈ ಮಾತ್ರ ತೊಡೆಯ ಮೇಲೆ ಹಾಗೇ ಬಿದ್ದಿರುತ್ತಿತ್ತು.

ಮಯೂರಿ ಎಂಬ ಹುಡುಗಿ ಅವರ ಮನೆಗೆ ಬರಲು ಶುರುಮಾಡಿದ್ದು ಮೂರನೆಯ ವರ್ಷದಲ್ಲಿ. ರೋಣದ ಹೈಸ್ಕೂಲಿನ ವಿಜ್ಞಾನ ಮಾಸ್ತರ ಜಯತೀರ್ಥರ ಮಗಳು. ಫಿಜಿಯೋಥೆರಪಿ ಓದಿ ರೋಣದಲ್ಲೇ ಕೆಲಸ ಮಾಡುತ್ತಿದ್ದಳು. ವಾರಕ್ಕೊಮ್ಮೆ ಸ್ಕೂಟರಿನಲ್ಲಿ ಗಜೇಂದ್ರಗಡಕ್ಕೆ ಬಂದು ಸಾಜೀದನ ಕೈಕಾಲುಗಳ ಕೀಲು ಬಿಗಿಯದಂತೆ ವ್ಯಾಯಾಮ ಮಾಡಿಸುತ್ತಿದ್ದಳು. ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ದಿನ ಅವನ ಬೆರಳುಗಳನ್ನು ಬಿಡಿಸುತ್ತಾ ಅವಳು ಮಾತು ತೆಗೆದಳು.

"ಸಾಜೀದ ಭಾಯ್, ಹುಬ್ಬಳ್ಳಿ ಒಳಗ ಒಂದು ಸಂಶೋಧನಾ ನಡೀಲಿಕ್ಕೆ ಹತ್ತೇದ. ಕತ್ತಿಗೆ ಪೆಟ್ಟಾಗಿ ಕೈ ಹೋದವರಿಗೆ. ಆಪರೇಷನ್ ಇಲ್ಲ, ಸೂಜಿ ಇಲ್ಲ. ಕತ್ತಿನ ಹಿಂದ ಚರ್ಮದ ಮ್ಯಾಲೆ ಪಟ್ಟಿ ಅಂಟಿಸಿ ಸಣ್ಣಗ ಕರೆಂಟ್ ಬಿಡ್ತಾರ. ಆ ಕರೆಂಟ್ ಇದ್ದಾಗನ ಕೈಯಿಂದ ವ್ಯಾಯಾಮ ಮಾಡಸ್ತಾರ. ಹೊರದೇಶದಾಗ ಭಾಳ ಮಂದಿಗೆ ಕೈಯಾಗ ಸ್ವಲ್ಪ ಶಕ್ತಿ ಬಂದದ."

ಸಾಜೀದ ತಲೆ ತಿರುಗಿಸಿ ಅವಳನ್ನು ನೋಡಿದ. "ಎಷ್ಟು ಕರೆಂಟು?"

ಮಯೂರಿಗೆ ನಗು ಬಂತು. ಬೇರೆ ಯಾರೇ ಆಗಿದ್ದರೂ ವಾಸಿಯಾಗುತ್ತದೆಯೇ ಎಂದು ಕೇಳುತ್ತಿದ್ದರು. ತಾನು ಓದಿದ್ದನ್ನೆಲ್ಲ ಅವಳು ಬಿಡಿಸಿ ಹೇಳಿದಳು. ಹುರಿ ಜಜ್ಜಿದರೂ ಎಷ್ಟೋ ಜನರಲ್ಲಿ ಅದರ ಎಳೆಗಳೆಲ್ಲ ಕಡಿದುಹೋಗಿರುವುದಿಲ್ಲ. ಕೆಲವು ಉಳಿದಿರುತ್ತವೆ. ಮಿದುಳು ಕಳಿಸಿದ ಸುದ್ದಿ ಅವುಗಳ ಮೂಲಕ ಕೆಳಗೆ ಇಳಿಯುತ್ತದೆ, ಆದರೆ ಬೆರಳನ್ನು ಎಬ್ಬಿಸುವಷ್ಟು ಬಲ ಅದಕ್ಕೆ ಇರುವುದಿಲ್ಲ. ಹೊರಗಿನ ಕರೆಂಟು ಹುರಿಯನ್ನು ಎಚ್ಚರವಾಗಿಡುತ್ತದೆ, ಆಗ ಆ ಸಣ್ಣ ಸುದ್ದಿಯೂ ಕೇಳಿಸುತ್ತದೆ.

 ಸಾಜೀದ ಪಕ್ಕದಲ್ಲಿದ್ದ ಹೆಂಡತಿಗೆ ಹೇಳಿದ. "ನಿಲೂ, ವೋಲ್ಟೇಜ್ ಕಮ್ಮಿ ಇದ್ದಾಗ ಮೋಟಾರ ಗುಂಯ್ ಅಂತೈತಲ್ಲ, ತಿರಗಂಗಿಲ್ಲ? ಕಂಡೆನ್ಸರ್ ಹಾಕಿದ್ರ ತಿರಗತೈತಿ. ಹಂಗ."

"ಹಂಗ ಅಂತನ ತಿಳ್ಕೋರಿ," ಎಂದಳು ಮಯೂರಿ. "ಆದ್ರ ಒಂದು ಮಾತು ಮೊದಲ ಹೇಳ್ತೀನಿ. ಇದು ಕೈಗಷ್ಟ. ನಡೀಲಿಕ್ಕೆ ಅಲ್ಲ. ಕೈಗೂ ಎಷ್ಟು ಬರ್ತದ, ಬರ್ತದೋ ಇಲ್ಲೋ, ಯಾರಿಗೂ ಗೊತ್ತಿಲ್ಲ. ಅದನ್ನ ತಿಳ್ಕೊಳ್ಳಿಕ್ಕೇ ಈ ಸಂಶೋಧನಾ."

ಬಾಗಿಲಲ್ಲಿ ನಿಂತಿದ್ದ ಮೈಮುನಬಿ ಆಗ ಒಳಗೆ ಬಂದಳು. ಅವಳ ಕೈಯಲ್ಲಿ ಮೊಬೈಲ್ ಇತ್ತು. ಒಂದು ತಿಂಗಳಿಂದ ಅವಳು ಒಂದೇ ವಿಡಿಯೋ ನೋಡುತ್ತಿದ್ದಳು. ದೂರದ ಊರಿನ ಒಂದು ಖಾಸಗಿ ದವಾಖಾನೆಯದು. ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಹುರಿ ಹೊಸದಾಗಿ ಬೆಳೆಯುತ್ತದೆ, ಮೂರೇ ತಿಂಗಳಲ್ಲಿ ನಡೆಯುತ್ತಾರೆ ಎಂದು ಅದರಲ್ಲಿ ಹೇಳುತ್ತಿದ್ದರು. ಒಬ್ಬ ತರುಣ ಎದ್ದು ನಿಂತು ಕೈ ಮುಗಿಯುವುದೂ ಅದರಲ್ಲಿತ್ತು. ಅವನು ನರಗುಂದದವನಂತೆ, ನವಾಜ ಎಂದು ಹೆಸರಂತೆ.

"ಇದನ್ನೂ ಮಾಡಸೂಣು, ಅದನ್ನೂ ಮಾಡಸೂಣು," ಎಂದಳು ಮೈಮುನಬಿ.

ಮಯೂರಿ ತಲೆಯಾಡಿಸಿದಳು. "ಎರಡೂ ಆಗೂದಿಲ್ರಿ ಅವ್ವಾರ. ಇಂಥಾ ಇಂಜೆಕ್ಷನ್ ತಗೊಂಡವರನ್ನ ಈ ಸಂಶೋಧನಾದಾಗ ತಗೋಳೂದಿಲ್ಲ. ಆಮೇಲೆ ಏನರ ಸುಧಾರಿಸಿದ್ರ ಅದು ಯಾತರಿಂದ ಆತು ಅಂತ ತಿಳಿಯೂದಿಲ್ಲ."

"ಹಂಗಾದ್ರ ಆ ಕರೆಂಟ್ ಬಿಡ್ರಿ. ಬೆರಳು ತಗೊಂಡು ನಾ ಏನ್ ಮಾಡ್ಲಿ? ನನಗ ನನ್ನ ಮಗ ಎದ್ದು ಅಡ್ಡಾಡಬೇಕು."

"ಅವ್ವಾ," ಎಂದ ಸಾಜೀದ.

"ನೀ ಸುಮ್ನಿರು. ಐದು ವರ್ಷ ಆತು, ನಾ ಯಾರ ಮುಂದನೂ ಬಾಯಿ ತಗದಿಲ್ಲ. ಈಗ ಒಬ್ಬರು ನಡಸ್ತೀವಿ ಅನ್ನಾಕ ಹತ್ತ್ಯಾರ, ನೀವು ಬೆರಳು ಅನ್ನಾಕ ಹತ್ತೀರಿ." ಅವಳ ಧ್ವನಿ ಒಡೆಯಿತು. ಸೆರಗಿನಿಂದ ಮುಖ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು.

ಮಯೂರಿ ಅವಳ ಹಿಂದೆ ಹೋದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ. ಇಂಥ ವಿಡಿಯೋ ತೋರಿಸಿದ ತಾಯಂದಿರನ್ನು ಅವಳು ಹಿಂದೆಯೂ ನೋಡಿದ್ದಳು. "ನಾ ಹೇಳೂದನ್ನ ನಂಬಬ್ಯಾಡ್ರಿ ಅವ್ವಾರ," ಎಂದಳು. "ಆ ನವಾಜ ನರಗುಂದದವನ ಅಂದ್ರಿ. ಬಸ್ಸಿನ್ಯಾಗ ಹೋದ್ರ ಸಂಜಿಯೊಳಗ ತಿರುಗಿ ಬರ್ತೀರಿ. ಕಣ್ಣಲೆ ನೋಡಿ ಬರ್ರಿ."

ಮೈಮುನಬಿ ಮೂರು ದಿನ ಯಾರ ಸಂಗಡವೂ ಮಾತಾಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಬುರ್ಖಾ ಹಾಕಿಕೊಂಡು, ಒಬ್ಬಳೇ ರೋಣದ ಬಸ್ಸು ಹತ್ತಿದಳು. ರೋಣದಲ್ಲಿ ಇಳಿದು ನರಗುಂದದ ಬಸ್ಸು ಹಿಡಿದಳು. ಅಲ್ಲಿ ಕೇಳುತ್ತಾ ಕೇಳುತ್ತಾ ನವಾಜನ ಮನೆ ಸಿಕ್ಕಿತು. ಅವನ ತಾಯಿಯ ಹೆಸರು ಜಮಾಲಬಿ. ಅಂಗಳದಲ್ಲಿ ಜೋಳ ಹಸನು ಮಾಡುತ್ತಾ ಕುಳಿತಿದ್ದಳು. ಪಕ್ಕದ ಮನೆಯ ಹೆಂಗಸರು ಇಬ್ಬರು ಅಲ್ಲೇ ಇದ್ದರು.

"ನಿಮ್ಮ ಮಗ ನಿಂತಾನಂತಲ್ಲರಿ," ಎಂದು ಮೈಮುನಬಿ ಕೇಳಿದಳು. "ನನ್ನ ಮಗನಿಗೂ ಹಂಗ ಆಗೈತಿ."

"ಹೂಂ, ನಿಂತಾನ," ಎಂದಳು ಜಮಾಲಬಿ. ಜೋಳದ ಮೊರದಿಂದ ತಲೆ ಎತ್ತಲಿಲ್ಲ.

ಪಕ್ಕದ ಮನೆಯವರು ಎದ್ದು ಹೋಗುವವರೆಗೂ ಅವಳು ಬೇರೇನೂ ಹೇಳಲಿಲ್ಲ. ಆಮೇಲೆ ಮೈಮುನಬಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಒಳಕೋಣೆಯ ಮಂಚದ ಮೇಲೆ ವಿಡಿಯೋದ ತರುಣ ಮಲಗಿದ್ದ. ಕಾಲು ಕಡ್ಡಿಯಾಗಿದ್ದವು. ನಿದ್ದೆಯಲ್ಲಿದ್ದ. ಜಮಾಲಬಿ ಬಾಗಿಲನ್ನು ಮೆಲ್ಲಗೆ ಮುಚ್ಚಿ ಅಡುಗೆಮನೆಯಲ್ಲಿ ಕುಳಿತಳು.

"ವಿಡಿಯೋದಾಗ ಹಿಂದ ಪರದೆ ಇತ್ತಲ್ಲ, ಅದರ ಹಿಂದ ಇಬ್ಬರು ಬಗಲಾಗ ಕೈ ಕೊಟ್ಟು ಹಿಡಿದಿದ್ರು. ಮೂರು ಸಲ ಇಂಜೆಕ್ಷನ್ ಆತು. ಏನೂ ಆಗಲಿಲ್ಲ ಅಕ್ಕಾ. ಈಗ ಫೋನ್ ಮಾಡಿದ್ರ ಎತ್ತಂಗಿಲ್ಲ."

"ಮತ್ತ ನಿಂತಾನ ಅಂತ ಯಾಕ ಹೇಳ್ತಿ?"

ಜಮಾಲಬಿ ಒಳಕೋಣೆಯ ಬಾಗಿಲ ಕಡೆ ನೋಡಿದಳು. "ದಿನಾ ಯಾರರ ಬಂದು ಕೇಳ್ತಾರ. ಇಲ್ಲ ಅಂದ್ರ ಅವನಿಗೆ ಕೇಳೂವಂಗ ಅನ್ನಬೇಕಾಗತೈತಿ. ನನ್ನ ಬಾಯಿಲೆ ಅವನಿಗೆ ಅದನ್ನ ಹ್ಯಾಂಗ ಕೇಳಿಸ್ಲಿ?"

ಇಬ್ಬರೂ ಹೆಂಗಸರು ಅಲ್ಲೇ ಕುಳಿತು ಅತ್ತರು. ಹೊರಡುವಾಗ ಮೈಮುನಬಿ ಆ ವಿಡಿಯೋ ಅಳಿಸಲು ತನಗೆ ಬರುವುದಿಲ್ಲವೆಂದು ಮೊಬೈಲನ್ನು ಜಮಾಲಬಿಯ ಕೈಗೇ ಕೊಟ್ಟಳು. ಜಮಾಲಬಿ ಅಳಿಸಿಕೊಟ್ಟಳು.

ಅವಳು ಮನೆಗೆ ಬಂದಾಗ ಸಂಜೆಯ ಮಗ್ರಿಬ್ ನಮಾಜಿನ ಆಜಾನ್ ಆಗುತ್ತಿತ್ತು. ಮಗನ ಮಂಚದ ಹತ್ತಿರ ಕುಳಿತು, ಅವನ ಮುದುಡಿದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಹುಬ್ಬಳ್ಳಿಗೆ ಹೋಗು," ಎಂದಳು. "ಆ ಹುಡುಗಿ ಖರೇ ಮಾತಾಡ್ತಾಳ."

ಜನವರಿಯಲ್ಲಿ ಸಾಜೀದ ಮತ್ತು ನಿಲೋಫರ ಹುಬ್ಬಳ್ಳಿಗೆ ಹೋದರು. ನಾಲ್ಕು ತಿಂಗಳು ಆಸ್ಪತ್ರೆಯ ಹಿಂದಿನ ಧರ್ಮಶಾಲೆಯಲ್ಲಿ ಇರಬೇಕಾಗಿತ್ತು. ಬೇರೆ ಬೇರೆ ಜಿಲ್ಲೆಗಳಿಂದ ಅವನಂಥ ಹನ್ನೆರಡು ಜನ ಬಂದಿದ್ದರು. ಸಂಶೋಧನೆ ನಡೆಸುತ್ತಿದ್ದ ಡಾಕ್ಟರ ಹೆಸರು ಹೇಮಂತ. ಕಡಿಮೆ ಮಾತಿನ ಮನುಷ್ಯ. ಮೊದಲ ದಿನವೇ ಎಲ್ಲರನ್ನೂ ಸುತ್ತ ಕೂರಿಸಿ ಹೇಳಿದರು.

"ಮೊದಲ ಎರಡು ತಿಂಗಳ ಬರೇ ವ್ಯಾಯಾಮ. ಕರೆಂಟ್ ಇರೂದಿಲ್ಲ. ಆಮೇಲೆ ಎರಡು ತಿಂಗಳ ಅದೇ ವ್ಯಾಯಾಮ, ಕರೆಂಟಿನ ಜೋಡಿ. ಆಗ ವ್ಯಾಯಾಮದಿಂದ ಎಷ್ಟು ಬಂತು, ಕರೆಂಟಿನಿಂದ ಎಷ್ಟು ಬಂತು ಅಂತ ತಿಳೀತದ. ಕೆಲವರಿಗೆ ಬರ್ತದ. ಕೆಲವರಿಗೆ ಏನೂ ಬರಲಿಕ್ಕಿಲ್ಲ. ಯಾರಿಗೆ ಯಾಕ ಬರ್ತದ ಅನ್ನೂದು ನನಗೂ ಇನ್ನೂ ಗೊತ್ತಿಲ್ಲ. ಯಾವಾಗ ಬೇಕಾದ್ರೂ ಬಿಟ್ಟು ಹೋಗಬಹುದು."

ಸಾಜೀದನ ಪಕ್ಕದ ಕೋಣೆಯಲ್ಲಿ ಅಬ್ಬಿಗೇರಿಯ ಮಾಳಿಂಗರಾಯ ಇದ್ದ. ನಲವತ್ತೆಂಟು ವರ್ಷದ ರೈತ. ಕಡಲೆಯ ಹೊಟ್ಟು ಹೇರಿದ ಟ್ರಾಲಿಯ ಮೇಲಿನಿಂದ ಬಿದ್ದು ಕತ್ತು ಮುರಿದಿತ್ತು. ಜೊತೆಗೆ ಅವನ ಹೆಂಡತಿ ಬಂದಿದ್ದಳು. ಒಂದೇ ಸೀಮೆಯವರೆಂದು ಎರಡು ದಿನದಲ್ಲೇ ಸಲುಗೆ ಬೆಳೆಯಿತು. ಸಾಜೀದ ಅವನನ್ನು ಕಾಕಾ ಎನ್ನತೊಡಗಿದ. ನಿಲೋಫರಳೂ ಮಾಳಿಂಗರಾಯನ ಹೆಂಡತಿಯೂ ಸೇರಿ ಒಂದೇ ಒಲೆಯ ಮೇಲೆ ಇಬ್ಬರ ರೊಟ್ಟಿ ಬೇಯಿಸಿದರು. ಮಾಳಿಂಗರಾಯ ಮಾತುಗಾರ. ವ್ಯಾಯಾಮದ ಕೋಣೆಯಲ್ಲಿ ಎಲ್ಲರೂ ಸೋತು ಕುಳಿತಾಗ ತನ್ನ ಎತ್ತುಗಳ ಕತೆ ಹೇಳಿ ನಗಿಸುತ್ತಿದ್ದ.

ಮರದ ಗೂಟವನ್ನು ಹಿಡಿದು ಎತ್ತಿ ಪಕ್ಕದ ರಂಧ್ರದಲ್ಲಿ ಇಡುವುದು, ಹತ್ತಿಯ ಉಂಡೆ ಹಿಂಡುವುದು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಮಾಪಕವನ್ನು ಒತ್ತುವುದು, ಇವೇ ದಿನವಿಡೀ. ಎರಡು ತಿಂಗಳಾದರೂ ಸಾಜೀದನ ಗೂಟ ಕೆಳಗೆ ಬೀಳುತ್ತಲೇ ಇತ್ತು. ಮಾಪಕದ ಮೇಲೆ ಸೊನ್ನೆ. ಮಾಳಿಂಗರಾಯನದೂ ಸೊನ್ನೆ.

ಮಾರ್ಚ್ ತಿಂಗಳಲ್ಲಿ ಕತ್ತಿನ ಹಿಂದೆ ಪಟ್ಟಿ ಅಂಟಿಸಿದರು. ಕರೆಂಟು ಹರಿದಾಗ ಹೆಗಲಿನಿಂದ ಮೊಳಕೈಯವರೆಗೆ ಇರುವೆ ಓಡಾಡಿದಂತಾಯಿತು. ಮೊದಲ ದಿನ ಏನೂ ಆಗಲಿಲ್ಲ. ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರ ಸಾಜೀದ ಹೆಂಡತಿಗೆ, "ಮನಿಗೆ ಹೋಗೂಣೇನು?" ಎಂದು ಕೇಳಿದ. ಅವಳು ಅವನ ಕೈಗೆ ಎಣ್ಣೆ ಹಚ್ಚುತ್ತಾ ಹೇಳಿದಳು. "ನಾಕನೇ ಸಲಕ್ಕ ಫ್ಯಾನ್ ತಿರಗೇತ್ರಿ. ನಾ ಮೂರು ಸಲಕ್ಕ ಬಿಟ್ಟಿದ್ರ?"

ಮೂರನೆಯ ವಾರ, ಗುರುವಾರ ಬೆಳಿಗ್ಗೆ, ಗೂಟ ಕೆಳಗೆ ಬೀಳಲಿಲ್ಲ.

ಸಾಜೀದನಿಗೆ ಮೊದಲು ತಿಳಿಯಲಿಲ್ಲ. ವ್ಯಾಯಾಮ ಮಾಡಿಸುವವಳು ಮಾತು ನಿಲ್ಲಿಸಿದ್ದನ್ನು ಕಂಡು ಕೆಳಗೆ ನೋಡಿದ. ಹೆಬ್ಬೆರಳು ತೋರುಬೆರಳಿನ ಪಕ್ಕಕ್ಕೆ ಸರಿದು ಗೂಟವನ್ನು ಒತ್ತಿಹಿಡಿದಿತ್ತು. ಅವನು ಉಸಿರು ಬಿಗಿಹಿಡಿದು ನೋಡುತ್ತಾ ಕುಳಿತ. ಬಿಡು ಎಂದುಕೊಂಡ. ಬೆರಳು ಬಿಟ್ಟಿತು. ಹಿಡಿ ಎಂದುಕೊಂಡ. ಹಿಡಿಯಿತು. ಐದು ವರ್ಷದ ನಂತರ ಅವನು ಹೇಳಿದ್ದನ್ನು ಅವನ ಕೈ ಕೇಳಿತ್ತು. ನಿಲೋಫರ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಮಾಪಕದ ಮೇಲೆ ಬಂದ ಅಂಕಿ ಬಹಳ ಸಣ್ಣದು. ಆದರೆ ಸೊನ್ನೆ ಅಲ್ಲ.

ಆ ದಿನ ಸಾಜೀದ ಅವ್ವನಿಗೆ ಫೋನು ಮಾಡಿದ. ಮಯೂರಿಗೂ ಮಾಡಿದ. ಪಕ್ಕದ ಕೋಣೆಗೆ ಮಾತ್ರ ಹೇಳಲಿಲ್ಲ. ಮಾಳಿಂಗರಾಯನ ಬೆರಳು ಇನ್ನೂ ಅಲುಗಿರಲಿಲ್ಲ. ದಿನ ಕಳೆದಂತೆ ಸಾಜೀದನ ಹಿಡಿತ ಬಲವಾಯಿತು. ಚಮಚ ಹಿಡಿದ, ಪೆನ್ನು ಹಿಡಿದ. ಮಾಳಿಂಗರಾಯನ ಗಾಲಿಕುರ್ಚಿ ಹತ್ತಿರ ಬಂದ ಕೂಡಲೇ ಬಲಗೈಯನ್ನು ಟವೆಲಿನ ಕೆಳಗೆ ಸರಿಸಿಬಿಡುತ್ತಿದ್ದ. ಊಟಕ್ಕೆ ಒಟ್ಟಿಗೆ ಕುಳಿತಾಗ, ಮೊದಲಿನಂತೆಯೇ ತನಗೆ ತುತ್ತು ಕೊಡು ಎಂದು ನಿಲೋಫರಳಿಗೆ ಕಣ್ಣಿನಿಂದಲೇ ಹೇಳುತ್ತಿದ್ದ.

ಒಂದು ಸಂಜೆ ಇಬ್ಬರೂ ಧರ್ಮಶಾಲೆಯ ಬೇವಿನ ಮರದ ಕೆಳಗೆ ಕುರ್ಚಿಯಲ್ಲಿದ್ದರು.

"ಸಾಜೀದಾ," ಎಂದ ಮಾಳಿಂಗರಾಯ. "ಆ ಟವೆಲ್ ತಗಿ."

"ಯಾಕ ಕಾಕಾ?"

"ತಗಿಯೋ. ನಿನ್ನ ಬೆರಳು ಬಂದು ಎಂಟು ದಿನ ಆತು. ನಿನ್ನ ಹೇಂತಿ ಮುಖ ನೋಡಿದ್ರ ಗೊತ್ತಾಗಂಗಿಲ್ಲೇನು ನನಗ? ಕತ್ತು ಮುರದೈತಿ, ಕಣ್ಣು ಹೋಗಿಲ್ಲ."

ಸಾಜೀದ ತಲೆ ತಗ್ಗಿಸಿದ. ಟವೆಲನ್ನು ಸರಿಸಿದ.

"ತೋರಸು."

ಸಾಜೀದ ಹೆಬ್ಬೆರಳು ಮಡಚಿ ತೋರಿಸಿದ.

"ದೂರದಿಂದ ಏನ್ ತಿಳೀತೈತಿ? ಹಿಡದು ತೋರಸು. ನನ್ನ ಕೈ ಹಿಡದ್ರ ನನಗ ಗೊತ್ತಾಗಂಗಿಲ್ಲ." ಮಾಳಿಂಗರಾಯ ಯೋಚಿಸಿ, ತಲೆಯನ್ನು ಅವನ ಕಡೆಗೆ ಬಾಗಿಸಿದ. "ಕಿವಿ ಹಿಡಿ. ಅಲ್ಲಿ ಗೊತ್ತಾಗತೈತಿ."

ಸಾಜೀದ ಮೊಳಕೈ ಎತ್ತಿದ. ಕೈ ಮೆಲ್ಲಗೆ ಹೋಗಿ ಆ ಹಿರಿಯನ ಕಿವಿಯನ್ನು ಮುಟ್ಟಿತು. ಎರಡು ಸಲ ಜಾರಿತು. ಮೂರನೆಯ ಸಲ ಹೆಬ್ಬೆರಳು ಕಿವಿಯ ತುದಿಯನ್ನು ಹಿಡಿಯಿತು. ಸಾಜೀದ ಒತ್ತಿದ.

"ಇನ್ನಷ್ಟು."

ಒತ್ತಿದ.

"ಹಾಂ! ಸಾಲಿ ಮಾಸ್ತರ ಹಿಂಡಿದಂಗ ಆತು ನೋಡು!" ಮಾಳಿಂಗರಾಯ ಜೋರಾಗಿ ನಕ್ಕ. ನಗುತ್ತಲೇ ಅವನ ಕಣ್ಣಿನಲ್ಲಿ ನೀರು ಇಳಿಯಿತು. ಅದನ್ನು ಒರೆಸಿಕೊಳ್ಳಲು ಅವನಿಂದ ಆಗುತ್ತಿರಲಿಲ್ಲ. ಸಾಜೀದ ಕಿವಿ ಬಿಟ್ಟು, ಟವೆಲಿನ ಅಂಚನ್ನು ಎರಡು ಬೆರಳಿನಲ್ಲಿ ಸಿಕ್ಕಿಸಿಕೊಂಡು, ತನಗೆ ತಿಳಿದಂತೆ ಅವನ ಕೆನ್ನೆ ಒರೆಸಿದ.

"ನನಗ ಬಂತು, ನಿನಗ ಬರ್ಲಿಲ್ಲ ಕಾಕಾ," ಎಂದ.

"ನೀ ಏನ್ ನನ್ನದು ಕಸಗೊಂಡಿ? ಇಬ್ಬರ ಹೊಲದಾಗೂ ಒಂದ ಬೀಜ ಬಿತ್ತ್ಯಾರ. ಹುಟ್ಟೂದು ಬಿಡೂದು ಅವರ ಕೈಯಾಗೂ ಇಲ್ಲ, ನಮ್ಮ ಕೈಯಾಗೂ ಇಲ್ಲ. ಇನ್ನ ಮುಚ್ಚಿಡಬ್ಯಾಡ, ನನಗ ಸಿಟ್ಟು ಬರ್ತೈತಿ."

ಮೇ ತಿಂಗಳಿಗೆ ನಾಲ್ಕು ತಿಂಗಳು ಮುಗಿದವು. ಹನ್ನೆರಡು ಜನರಲ್ಲಿ ಎಂಟು ಜನಕ್ಕೆ ಹೆಚ್ಚು ಕಡಿಮೆ ಏನಾದರೂ ಬಂದಿತ್ತು. ನಾಲ್ಕು ಜನಕ್ಕೆ ಬಂದಿರಲಿಲ್ಲ. ಹೇಮಂತ ಡಾಕ್ಟರು ಆ ನಾಲ್ವರ ಕೋಣೆಗಳಿಗೆ ತಾವೇ ಹೋಗಿ ಕುಳಿತು ಮಾತಾಡಿದರು. ಮಾಳಿಂಗರಾಯನ ಹುರಿಯಲ್ಲಿ ಉಳಿದ ಎಳೆಗಳು ಬಹಳ ಕಡಿಮೆ ಇರಬಹುದು, ಆದರೆ ಅದೂ ಖಚಿತವಲ್ಲ ಎಂದರು. ಯಂತ್ರಗಳು ಆಸ್ಪತ್ರೆಯಲ್ಲೇ ಉಳಿದವು. ಬಂದ ಶಕ್ತಿ ಯಂತ್ರವಿಲ್ಲದೆ ಎಷ್ಟು ದಿನ ಉಳಿಯುತ್ತದೆ ಎಂದು ನೋಡಲು ಆರು ತಿಂಗಳ ನಂತರ ಎಲ್ಲರೂ ಮತ್ತೆ ಬರಬೇಕು ಎಂದರು. ಬರಲೇಬೇಕೆಂಬ ಬಲವಂತವಿರಲಿಲ್ಲ.

ಗಜೇಂದ್ರಗಡದ ಮನೆಯಲ್ಲಿ ಸಾಜೀದ ತಾನಾಗಿ ಚಹಾದ ಲೋಟ ಎತ್ತಿ ಕುಡಿದ ದಿನ ಮೈಮುನಬಿ ಓಣಿಯ ಮನೆಮನೆಗೂ ಸಕ್ಕರೆ ಹಂಚಿದಳು. ಅವನಿಗೆ ಮೂತ್ರದ ಚೀಲದ ಮುಚ್ಚಳ ತೆಗೆಯಲು ಬರತೊಡಗಿತು. ಅದು ಯಾರಿಗೂ ಹೇಳುವ ಮಾತಲ್ಲ, ಆದರೆ ಅವನಿಗೆ ಚಹಾದ ಲೋಟಕ್ಕಿಂತ ದೊಡ್ಡದಾಗಿತ್ತು. ನಿಲೋಫರ ತಂತಿ ಸುತ್ತುವಾಗ ಅವನು ಅದರ ಕೊನೆಯನ್ನು ಹಿಡಿದು ಕೂರುತ್ತಿದ್ದ. ಸುತ್ತುವುದು ಅವಳೇ. ಅಂಗಿಯ ಗುಂಡಿ ಹಾಕಲು ಅವನಿಂದ ಇನ್ನೂ ಆಗುತ್ತಿರಲಿಲ್ಲ. ಕಾಲು ಹಾಗೆಯೇ ಇದ್ದವು. ಕೆಲವು ದಿನ ಬೆಳಿಗ್ಗೆ ಬೆರಳು ಮಾತು ಕೇಳುತ್ತಿರಲಿಲ್ಲ. ಆಗ ಅವನು ಊಟ ಬಿಟ್ಟು ಸಿಡಿಮಿಡಿಗೊಳ್ಳುತ್ತಿದ್ದ. ಮಯೂರಿ ಬಂದು ಅದೇ ಗೂಟಗಳನ್ನು ಮುಂದಿಟ್ಟು ಮತ್ತೆ ಕೂರಿಸುತ್ತಿದ್ದಳು.

ನವೆಂಬರಿನಲ್ಲಿ ಹುಬ್ಬಳ್ಳಿಗೆ ಹೋಗುವ ದಿನ ಬಂತು. ಸಾಜೀದ ಅಬ್ಬಿಗೇರಿಗೆ ಫೋನು ಮಾಡಿದ. ಏನೂ ಸಿಗದ ಮನುಷ್ಯ, ಮಲಗಿಕೊಂಡೇ ಅಷ್ಟು ದೂರ ಯಾಕೆ ಬಂದಾನು ಎಂದುಕೊಂಡಿದ್ದ.

"ನಾ ಬರ್ತೀನಿ," ಎಂದ ಮಾಳಿಂಗರಾಯ. "ನಿನ್ನ ಗಾಡಿ ನಮ್ಮ ಊರ ಮ್ಯಾಲ ಹಾಯ್ದು ಬರ್ಲಿ."

ಬಾಡಿಗೆಗೆ ತಂದ ಗಾಡಿಯ ಹಿಂಭಾಗದಲ್ಲಿ ಗಾದಿ ಹಾಸಿ ಇಬ್ಬರನ್ನೂ ಅಕ್ಕಪಕ್ಕ ಮಲಗಿಸಿದರು. ಹೊರಗೆ ಎರೆಹೊಲಗಳಲ್ಲಿ ಕಡಲೆ ಹಸಿರಾಗಿತ್ತು. ಮಾಳಿಂಗರಾಯನಿಗೆ ಅದು ಕಾಣಲಿ ಎಂದು ಅವನ ಹೆಂಡತಿ ಅವನ ತಲೆಯ ಕೆಳಗೆ ಇನ್ನೊಂದು ದಿಂಬು ಸರಿಸಿದಳು. ಗದಗ ದಾಟಿದ ಮೇಲೆ ಸಾಜೀದ ಕೇಳಿದ.

"ಕಾಕಾ, ಖರೇ ಹೇಳು. ನೀ ಯಾಕ ಬರಾಕ ಹತ್ತಿ?"

ಮಾಳಿಂಗರಾಯ ಗಾಡಿಯ ಛಾವಣಿಯನ್ನು ನೋಡುತ್ತಾ ಹೇಳಿದ. "ನಿಮ್ಮ ಅವ್ವ ನರಗುಂದಕ್ಕ ಹೋಗಿದ್ದನ್ನ ನೀನ ಹೇಳಿದ್ಯಲ್ಲ. ಆ ಇಂಜೆಕ್ಷನ್ ಮಂದಿ ನಿಂತವರನ್ನ ಅಷ್ಟ ತೋರಿಸಿದ್ರು. ಬಿದ್ದವರನ್ನ ತೋರಿಸಲಿಲ್ಲ. ಈ ಡಾಕ್ಟರ ಹಂಗಲ್ಲ. ಆದ್ರ ನಮ್ಮಂಥ ನಾಕು ಮಂದಿ ಬರದ ಹೋದ್ರ ಅವರ ಹತ್ರನೂ ಬೆರಳು ಬಂದವರಷ್ಟ ಉಳೀತಾರ. ನಾಳಿ ನನ್ನಂಗ ಕತ್ತು ಮುರಕೊಂಡ ಯಾವನೋ ಒಬ್ಬ ಹೋಗಿ, ನನಗ ಬರ್ತೈತೇನ್ರಿ ಅಂತ ಕೇಳಿದ್ರ ಅವರು ಏನ್ ಹೇಳ್ಬೇಕು?"

 ಮುಂದಿನ ಸೀಟಿನಲ್ಲಿದ್ದ ನಿಲೋಫರ ತಿರುಗಿ ನೋಡಿ, ಮತ್ತೆ ಮುಂದೆ ತಿರುಗಿ ಕಣ್ಣು ಒರೆಸಿಕೊಂಡಳು.

ಆಸ್ಪತ್ರೆಯಲ್ಲಿ ಮೊದಲು ಸಾಜೀದನ ಪರೀಕ್ಷೆ ಆಯಿತು. ಮೇ ತಿಂಗಳಲ್ಲಿದ್ದ ಹಿಡಿತದಲ್ಲಿ ಸ್ವಲ್ಪ ಕಡಿಮೆಯಾಗಿತ್ತು, ಹೆಚ್ಚಿನದು ಉಳಿದಿತ್ತು. ಮನೆಯಲ್ಲೇ ಇಟ್ಟುಕೊಂಡು ಬಳಸುವ ಯಂತ್ರಕ್ಕೆ ಅನುಮತಿ ಕೇಳಿದ್ದೇವೆ, ಬರಲು ಇನ್ನೂ ಸಮಯ ಹಿಡಿಯಬಹುದು ಎಂದರು ಹೇಮಂತ ಡಾಕ್ಟರು. ಸಾಜೀದ ತಾನಾಗಿ ಪೆನ್ನು ಹಿಡಿದು ಕಾಗದದ ಮೇಲೆ ಸಹಿ ಮಾಡಿದ. ಅಕ್ಷರಗಳು ಓರೆಯಾಗಿದ್ದವು.

ಆಮೇಲೆ ಮಾಳಿಂಗರಾಯನ ಕುರ್ಚಿಯನ್ನು ಮೇಜಿನ ಹತ್ತಿರ ತಂದರು. ಅವನ ಬೆರಳುಗಳ ನಡುವೆ ಮಾಪಕ ಇಟ್ಟು, ಒತ್ತಿರಿ ಎಂದರು. ಅವನು ಹಲ್ಲು ಕಚ್ಚಿ, ಕತ್ತಿನ ನರ ಉಬ್ಬುವಂತೆ ಒತ್ತಿದ. ಮೂರು ಸಲ ಒತ್ತಿದ. ಪರೀಕ್ಷೆ ಮಾಡುತ್ತಿದ್ದ ಹುಡುಗಿ ಮಾಪಕ ನೋಡಿ, ಹಾಳೆಯ ಮೇಲೆ ಪೆನ್ನು ಇಟ್ಟು, ಬರೆಯದೆ ಸುಮ್ಮನಾದಳು.

"ಎಷ್ಟು ಬಂತವಾ?" ಎಂದು ಮಾಳಿಂಗರಾಯ ಕೇಳಿದ.

"ಸೊನ್ನೆ ರೀ."

"ಹಂಗಾದ್ರ ಅದನ್ನ ಬರಿ. ಸಣ್ಣಗ ಬರೀಬ್ಯಾಡ, ಕಾಣೂವಂಗ ಬರಿ."

ಅವಳು ಬರೆದಳು. ಹೇಮಂತ ಡಾಕ್ಟರು ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಮುಂದಿನ ಪರೀಕ್ಷೆ ಮತ್ತೆ ಆರು ತಿಂಗಳಿಗೆ ಎಂದರು. ಬರುತ್ತೇನೆ ಎಂದ ಮಾಳಿಂಗರಾಯ. ಕಡಲೆಯ ರಾಶಿ ಮುಗಿದಿರುತ್ತದೆ, ಹೆಂಡತಿಗೂ ಬಿಡುವಿರುತ್ತದೆ ಎಂದು ಲೆಕ್ಕ ಹಾಕಿದ. ನಿಲೋಫರ ಒಂದು ಕುರ್ಚಿ ಹಿಡಿದಳು, ಮಾಳಿಂಗರಾಯನ ಹೆಂಡತಿ ಇನ್ನೊಂದು. ನಾಲ್ವರೂ ಊಟ ಹುಡುಕಿಕೊಂಡು ಬಿಸಿಲಿಗೆ ಹೊರಟರು.